ಮೈಗಿಂತ ಚಿಕ್ಕದಾಗಿ ಹೊಲಿಯುವ ಅಂಗಿ

"ಇದೇನ್ರೀ, ಮೈಗಿಂತ ಅಂಗಿನೇ ಸಣ್ಣ ಹೊಲ್ದಾರ!" ರಾಯಚೂರು ಜಿಲ್ಲೆಯ ದೇವದುರ್ಗದಲ್ಲಿ ಜಂಪರು ಹೊಲಿಯುತ್ತಲೇ ತಲೆ ಹಣ್ಣಾದ ಟೇಲರೊಬ್ಬರು ನಾನು ಒಯ್ದಿದ್ದ ತೋಳುಚೀಲವನ್ನು ಎಳೆದು ನೋಡಿ ನಕ್ಕರು. ಕನ್ನಡಕ ಏರಿಸಿ ಅಂಚು ಸವರಿದವರು ನಗು ನಿಲ್ಲಿಸಿದರು. "ಹೊಲಿಗಿ ಹೊರಗೈತಿ. ಒಳಗಿದ್ರ ಚರ್ಮಕ್ಕ ಒತ್ತತೈತಿ, ಅದಕ್ಕ."

ಅದು ಪ್ರೆಷರ್ ಗಾರ್ಮೆಂಟ್. ಸುಟ್ಟಗಾಯ ಮಾಯ್ದ ಮೇಲೆ ಚರ್ಮ ಗಂಟುಗಟ್ಟದಂತೆ ತೊಡುವ ಬಿಗಿ ಉಡುಪು. ಸಡಿಲ ಬಿಟ್ಟು ಕತ್ತರಿಸುವುದು ಟೇಲರನ ಮೊದಲ ಪಾಠವಾದರೆ, ಇಲ್ಲಿ ಅದು ತಲೆಕೆಳಗು. ಕೈಯ ಸುತ್ತಳತೆಯನ್ನು ಒಂದೂವರೆ ಇಂಚಿಗೊಮ್ಮೆ ಹಿಡಿದು, ಸುಮಾರು ಶೇ 10ರಿಂದ 20ರಷ್ಟು ಕಳೆದೇ ಬಟ್ಟೆ ಕತ್ತರಿಸಬೇಕು. "ಕೈಗವಸು ಹ್ಯಾಂಗ?" ಎಂದು ಕೇಳಿದ ಟೇಲರು ತಮ್ಮ ಬೆರಳುಗಳನ್ನೇ ಅಗಲಿಸಿ ನೋಡಿಕೊಂಡರು. ಕಷ್ಟವಿರುವುದೂ ಅಲ್ಲೇ. ಬೆರಳ ಸಂದಿಗೆ ಬಟ್ಟೆ ಕೂರದಿದ್ದರೆ ಚರ್ಮ ಬೆಳೆದು ಬೆರಳುಗಳು ಕೂಡಿಕೊಳ್ಳುತ್ತವೆ. ಎದೆಯ ನಡುವಿನ ತಗ್ಗಿಗೆ ಒತ್ತು ತಾಕದು, ಒಳಗೆ ಸ್ಪಂಜು ಇಡಬೇಕು.

ಅಮೆರಿಕದ ಎಂಜಿನಿಯರ್ ಕಾನ್ರಾಡ್ ಜಾಬ್‌ಸ್ಟ್, ಈಜುಕೊಳದ ನೀರಿನಲ್ಲಿ ನಿಂತಾಗ ತಮ್ಮ ಕಾಲುನೋವು ತಗ್ಗುವುದನ್ನು ಕಂಡು 1950ರ ಹೊತ್ತಿಗೆ ಬಿಗಿ ಕಾಲುಚೀಲ ತಯಾರಿಸಿದರು. 1970ರ ದಶಕದಲ್ಲಿ ಗ್ಯಾಲ್ವೆಸ್ಟನ್‌ನ ಶ್ರೈನರ್ಸ್ ಆಸ್ಪತ್ರೆಯ ವೈದ್ಯರು ಅದೇ ಬಿಗಿಯನ್ನು ಸುಟ್ಟ ಮಕ್ಕಳ ಗಾಯದ ಕಲೆಗಳಿಗೆ ಬಳಸಿದರು. ಎಷ್ಟು ಒತ್ತಡ ಬೇಕು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಬಟ್ಟೆಯ ಮಾತಿಗೆ ಬಂದರೆ, ಲೇಟೆಕ್ಸ್ ಹಾಳೆ ಬೆವರನ್ನು ಹೊರಬಿಡದು, ಕೆಲವರಿಗೆ ಅಲರ್ಜಿಯೂ ಹೌದು. ಆದ್ದರಿಂದ ನೈಲಾನ್-ಸ್ಪಾಂಡೆಕ್ಸ್ ಹೆಣಿಗೆಯ ಬಟ್ಟೆಯನ್ನೇ ಆರಿಸುತ್ತಾರೆ. ಹಾಗಿದ್ದರೂ ದಿನಕ್ಕೆ 23 ತಾಸು, ವರ್ಷ ಒಂದೂವರೆ ವರ್ಷ, ರಾಯಚೂರಿನ ಬ್ಯಾಸಗಿಯಲ್ಲಿ ಅದನ್ನು ತೊಟ್ಟಿರುವುದೆಂದರೆ ತಪಸ್ಸೇ. ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ ಕೂಡಲೇ ಬಿಚ್ಚಿ ಆಸ್ಪತ್ರೆಯಲ್ಲಿ ತೋರಿಸಬೇಕು. ತುರಿಕೆಗೆ ಹಚ್ಚಿದ ಕೊಬ್ಬರಿ ಎಣ್ಣೆಯನ್ನು ಚೆನ್ನಾಗಿ ಒರೆಸಿಯೇ ತೊಡಬೇಕು, ಎಣ್ಣೆ ಬಟ್ಟೆಯ ಎಳೆತವನ್ನು ತಿನ್ನುತ್ತದೆ. ಉಗುರುಬೆಚ್ಚಗಿನ ನೀರು, ಮೆದು ಸಾಬೂನು, ಕೈಯಲ್ಲೇ ಒಗೆತ. ಹಿಂಡಬಾರದು, ಬಿಸಿಲಿಗೆ ಹಾಕಬಾರದು, ಇಸ್ತ್ರಿಯ ಮಾತೇ ಇಲ್ಲ. ಒಂದು ಮೈಮೇಲಿದ್ದರೆ ಇನ್ನೊಂದು ನೆರಳಲ್ಲಿ ಆರುತ್ತಿರಲಿ ಎಂದು ಎರಡು ಜೊತೆ ಬೇಕು.

ಇಷ್ಟು ಜತನ ಮಾಡಿದರೂ ಎರಡು-ಮೂರು ತಿಂಗಳಿಗೆ ಬಿಗಿ ಹೋಗಿ ಹೊಸ ಅಳತೆ, ಹೊಸ ಖರ್ಚು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೇ ಮೀಸಲಾದ ಮಹಾಬೋಧಿ ಕೇಂದ್ರವಿದೆ. ಆದರೆ ಒಂದು ತೋಳಿಗಾಗಿ ಕೂಲಿ ಬಿಟ್ಟು ನಾನೂರು ಕಿಲೋಮೀಟರ್ ದೂರಕ್ಕೆ ಮತ್ತೆ ಮತ್ತೆ ಹೋಗಿಬರುವುದು ಯಾರಿಂದಾದೀತು? ಸಡಿಲಾದ ಚೀಲ ಗೂಟಕ್ಕೆ ಬೀಳುತ್ತದೆ, ಮೊಣಕೈ ಮಡಿಚಿದಂತೆಯೇ ಬಿಗಿಯುತ್ತದೆ, ಹತ್ತಿ ಬಿಡಿಸುವ ಕಾಲಕ್ಕೆ ಕೈ ಗಿಡಕ್ಕೆ ನಿಲುಕುವುದಿಲ್ಲ.

ರೆಡಿಮೇಡ್ ಬಂದ ಮೇಲೆ ನಮ್ಮೂರ ಟೇಲರುಗಳಿಗೆ ಕೆಲಸ ಕಡಿಮೆ. 2007ರಲ್ಲಿ ರಾಯಚೂರಿಗೆ ರಿಮ್ಸ್ ವೈದ್ಯಕೀಯ ಕಾಲೇಜೂ ಬಂತು. ಅಲ್ಲಿನ ಫಿಸಿಯೋಥೆರಪಿಯವರು ಒತ್ತಡದ ಲೆಕ್ಕ ಹೇಳಿ, ಇಂಥ ಕೈಗಳು ಕತ್ತರಿ ಹಿಡಿದರೆ ಎಷ್ಟೋ ಮೊಣಕೈಗಳು ನೆಟ್ಟಗಾದಾವು. ಹಾಗೆ ಜೊತೆ ಕೂಡುವ ಹೊತ್ತಿಗೆ ಅಳತೆ ಬಲ್ಲ ಹಿರಿಯರು ಅಂಗಡಿ ಮುಚ್ಚಿರದಿದ್ದರೆ ಸಾಕು.