ಗೋಬರ್ ಗ್ಯಾಸಿನ ಉರಿ ಕುಗ್ಗಿದಾಗ

ಮಳೆಗಾಲ ಬಲಿಯಿತೆಂದರೆ ನಮ್ಮ ಭಾಗದ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು ಒಂದಿದೆ: ಗೋಬರ್ ಗ್ಯಾಸಿನ ಉರಿ ಸಾಲುವುದಿಲ್ಲ, ಅನ್ನ ಬೇಯುವುದರೊಳಗೆ ಒಲೆ ಆರುತ್ತದೆ. ಕೊನೆಗೆ ಹಸಿ ಸೌದೆಯೋ ಸಿಲಿಂಡರೋ ಗತಿಯಾಗುತ್ತದೆ. ಹೀಗೆ ಒಂದೆರಡು ಮಳೆಗಾಲ ಬೇಸತ್ತವರು ಗುಂಡಿಯನ್ನೇ ಕೈಬಿಡುತ್ತಾರೆ. ಗುಂಡಿ ನಿಂತರೆ ಹೋಗುವುದು ಉರುವಲು ಮಾತ್ರವಲ್ಲ, ತೋಟಕ್ಕೆ ಸಿಗುವ ಒಳ್ಳೆಯ ಬಗ್ಗಡವೂ ಹೋಯಿತು. ಆದುದರಿಂದ ಕೈಬಿಡುವ ಮುನ್ನ ದೋಷ ಎಲ್ಲಿದೆಯೆಂದು ಕ್ರಮವಾಗಿ ಹುಡುಕಬೇಕೆಂಬುದು ನಮ್ಮ ಸಲಹೆ.

ಮೊದಲು ತಿಳಿಯಬೇಕಾದದ್ದು, ಗ್ಯಾಸ್ ಇದೆಯೋ ಇಲ್ಲವೋ ಎಂಬುದು. ತೇಲುವ ಡ್ರಮ್ಮಿನ ಸ್ಥಾವರವಾದರೆ ಡ್ರಮ್ ಮೇಲೆದ್ದಿದೆಯೇ ನೋಡಿರಿ. ದೀನಬಂಧುವಿನಂತಹ ಸ್ಥಿರ ಗುಮ್ಮಟದ ಸ್ಥಾವರದಲ್ಲಿ, ಗ್ಯಾಸ್ ತುಂಬಿದಾಗ ಹೊರತೊಟ್ಟಿಯ ಬಗ್ಗಡ ಮೇಲೇರುತ್ತದೆ, ಉರಿಸಿದಂತೆ ಇಳಿಯುತ್ತದೆ. ಗ್ಯಾಸ್ ಇದ್ದೂ ಉರಿ ಸಣ್ಣದಾಗಿದ್ದರೆ ದೋಷ ಕೊಳವೆಯಲ್ಲಿ ಅಥವಾ ಒಲೆಯಲ್ಲಿರುತ್ತದೆ. ಗ್ಯಾಸೇ ಇಲ್ಲವಾದರೆ ಅದು ಸೋರುತ್ತಿರಬೇಕು, ಇಲ್ಲವೇ ಗುಂಡಿಯಲ್ಲಿ ಹುಟ್ಟುತ್ತಿಲ್ಲ.

ಕೊಳವೆ: ಗುಂಡಿಯಿಂದ ಬರುವ ಗ್ಯಾಸಿನಲ್ಲಿ ನೀರಾವಿ ತುಂಬಿರುತ್ತದೆ. ತಂಪಿನಲ್ಲಿ ಅದು ನೀರಾಗಿ ಕೊಳವೆಯ ತಗ್ಗಿನಲ್ಲಿ ನಿಲ್ಲುತ್ತದೆ. ಡ್ರಮ್ಮಿನ ಸ್ಥಾವರದಲ್ಲಿ ಒತ್ತಡವು ಸುಮಾರು 10 ಸೆಂ.ಮೀ. ನೀರಿನ ಎತ್ತರದಷ್ಟೇ ಆದ್ದರಿಂದ ಸ್ವಲ್ಪ ನೀರು ನಿಂತರೂ ದಾರಿ ಕಟ್ಟುತ್ತದೆ. ಉರಿ ಒಂದೇ ಸಮನಿಲ್ಲದೆ ಕುಣಿಯುವುದು ಇದರ ಲಕ್ಷಣ. ನೀರು ಬಸಿಯುವ ನಲ್ಲಿಯನ್ನು ಮಳೆಗಾಲದಲ್ಲಿ ಆಗಾಗ್ಗೆ ತೆರೆದು, ನೀರು ಹೋದೊಡನೆ ಮುಚ್ಚಬೇಕು. ಜೋತುಬಿದ್ದ ಕೊಳವೆಗೆ ಆಧಾರ ಕೊಟ್ಟು, ನೀರು ಗುಂಡಿಯತ್ತ ಅಥವಾ ಆ ನಲ್ಲಿಯತ್ತ ಹರಿಯುವಂತೆ ಇಳಿಜಾರು ಮಾಡಿಸಬೇಕು.

ಒಲೆ: ಬರ್ನರನ್ನು ಬಿಚ್ಚಿ ರಂಧ್ರಗಳ ಮಸಿಯನ್ನೂ ಉಕ್ಕಿದ ಗಂಜಿಯನ್ನೂ ತೊಳೆದು ಒಣಗಿಸಿರಿ. ಉರಿ ಹಳದಿಯಾಗಿ ಪಾತ್ರೆ ಮಸಿ ಹಿಡಿದರೆ ಗಾಳಿ ಸಾಲದು. ಉರಿ ಬರ್ನರಿನಿಂದ ಎದ್ದು ಆರಿದರೆ ಗಾಳಿ ಹೆಚ್ಚು. ಗಾಳಿಯ ಬಿಲ್ಲೆ ತಿರುಗಿಸಿ ನೀಲಿ ಉರಿಗೆ ತರಬೇಕು. ಸಿಲಿಂಡರಿನ ಒಲೆಯನ್ನು ಹಾಗೆಯೇ ಜೋಡಿಸುವ ರೂಢಿ ಕೆಲವೆಡೆ ಉಂಟು. ಅದೇ ಗಾತ್ರದ ಗೋಬರ್ ಗ್ಯಾಸಿನಲ್ಲಿರುವ ಶಾಖ ಎಲ್‌ಪಿಜಿಯ ಕಾಲು ಪಾಲಿಗೂ ಕಡಿಮೆ, ಮೇಲಾಗಿ ಎಲ್‌ಪಿಜಿ ಜೆಟ್ಟಿನ ತೂತು ಬಲು ಸಣ್ಣದು. ಆದ್ದರಿಂದ ಗೋಬರ್ ಗ್ಯಾಸಿಗೆಂದೇ ಮಾಡಿದ ಒಲೆಯೇ ಬೇಕು.

ಸೋರಿಕೆ: ಕೀಲುಗಳು, ನಲ್ಲಿ, ಡ್ರಮ್ಮಿನ ಬೆಸುಗೆ ಇವಕ್ಕೆ ಸಾಬೂನು ನೀರು ಹಚ್ಚಿ ನೋಡಿರಿ. ಸೋರುವಲ್ಲಿ ಗುಳ್ಳೆ ಏಳುತ್ತದೆ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವುದು ಎಂದಿಗೂ ಕೂಡದು. ತುಕ್ಕು ಹಿಡಿದ ಡ್ರಮ್ಮನ್ನು ಗುಂಡಿಯಿಂದ ಎತ್ತಿ, ತೊಳೆದು, ಚೆನ್ನಾಗಿ ಗಾಳಿಯಾಡಿಸಿದ ನಂತರವೇ ಬೆಸುಗೆ ಹಾಕಿಸಬೇಕು.

ಗುಂಡಿ: ಗ್ಯಾಸ್ ಹುಟ್ಟಿಸುವ ಅಣುಜೀವಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಹಿತ. 20ರ ಕೆಳಗೆ ಅವುಗಳ ಕೆಲಸ ಬಹಳ ನಿಧಾನ. ಮಳೆಗಾಲದಲ್ಲಿ ಸ್ವಲ್ಪ ಕಡಿಮೆಯಾಗುವುದು ಸಹಜ. ಬಚ್ಚಲ ಹಂಡೆಯ ಬೆಚ್ಚನೆಯ ನೀರಿನಲ್ಲಿ ಸಗಣಿ ಕಲಸಿದರೆ ಅಷ್ಟಿಷ್ಟು ಸಹಾಯವಾದೀತು. ಆದರೆ ಕೊಟ್ಟಿಗೆ ಮಾಡಿನ ನೀರು ಗುಂಡಿಗೆ ಇಳಿದು ಬಗ್ಗಡ ತೆಳುವಾಗುವುದನ್ನು ನಾವೇ ತಡೆಯಬೇಕು. ಸಗಣಿ ಮತ್ತು ನೀರು ಸಮಪ್ರಮಾಣದಲ್ಲಿರಲಿ. ಮೇಲೆ ಕೆನೆಗಟ್ಟದಂತೆ ಡ್ರಮ್ಮನ್ನು ದಿನವೂ ತಿರುಗಿಸಿರಿ.

ಸಗಣಿಯ ಲೆಕ್ಕವನ್ನೂ ನೋಡಬೇಕು. 2 ಘನಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಹಸುವೊಂದಕ್ಕೆ 10 ಕಿಲೋ ಹಿಡಿದರೆ ಐದು ಹಸು. ಕೊಟ್ಟಿಗೆಯಲ್ಲಿ ಎರಡೇ ಉಳಿದಿದ್ದರೆ ಗುಂಡಿಯನ್ನು ದೂರಿ ಫಲವಿಲ್ಲ.

ತೋಟಗಾರರಾದ ನಾವು ವಿಶೇಷವಾಗಿ ನೆನಪಿಡಬೇಕಾದದ್ದು ಇನ್ನೊಂದು. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಿದ ಪಂಪು, ಪೀಪಾಯಿ ತೊಳೆದ ನೀರು ಗುಂಡಿ ಸೇರಬಾರದು. ಮೈಲುತುತ್ತದ ತಾಮ್ರ ಆ ಅಣುಜೀವಿಗಳಿಗೆ ವಿಷ. ಫಿನೈಲು, ಸೋಪಿನ ನೀರೂ ಹಾಗೆಯೇ. ಕಾಫಿ ಪಲ್ಪರಿನ ನೀರು ಬೇಗ ಹುಳಿಯುವಂಥದು. ಒಮ್ಮೆಲೆ ಸುರಿದರೆ ಗುಂಡಿಯೂ ಹುಳಿಯುತ್ತದೆ. ಒಳ್ಳೆಯ ಗ್ಯಾಸಿನಲ್ಲಿ ನೂರಕ್ಕೆ 55ರಿಂದ 65ರಷ್ಟು ಮೀಥೇನ್ ಇರುತ್ತದೆ. ಗುಂಡಿ ಹುಳಿತರೆ ಇಂಗಾಲದ ಡೈ ಆಕ್ಸೈಡು ಹೆಚ್ಚಿ, ಡ್ರಮ್ ತುಂಬಿದ್ದರೂ ಉರಿ ನಿಲ್ಲುವುದಿಲ್ಲ. ಆಗ ಕೆಲವು ದಿನ ಏನನ್ನೂ ಹಾಕದೆ, ಚೆನ್ನಾಗಿ ನಡೆಯುತ್ತಿರುವ ನೆರೆಮನೆಯ ಗುಂಡಿಯಿಂದ ಕೆಲವು ಕೊಡ ಬಗ್ಗಡ ತಂದು ಸೇರಿಸಿ, ಬಳಿಕ ಸಗಣಿಯನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು.

ಕೊನೆಯದಾಗಿ, ಎಂಥ ದೋಷವಿದ್ದರೂ ಗುಂಡಿಯೊಳಗೆ ಯಾರೂ ಇಳಿಯಬಾರದು, ಆಳನ್ನೂ ಇಳಿಸಬಾರದು. ಖಾಲಿ ಮಾಡಿದ ಗುಂಡಿಯಲ್ಲೂ ವಿಷಗಾಳಿ ನಿಂತಿರುತ್ತದೆ. ಒಬ್ಬರನ್ನು ಎತ್ತಲು ಇಳಿದ ಇನ್ನೊಬ್ಬರೂ ಬದುಕಲಾರರು. ಒಳಗಿನ ಕೆಲಸವನ್ನು ಸಲಕರಣೆಯುಳ್ಳ ತಿಳಿದವರಿಂದಲೇ ಮಾಡಿಸಿರಿ. ಉಳಿದ ರಿಪೇರಿಗಳು ಬಹುಪಾಲು ನಮ್ಮ ಕೈಯಲ್ಲೇ ಇವೆ. ಇಂದೇ ನೀರು ಬಸಿಯುವ ನಲ್ಲಿಯಿಂದ ಆರಂಭಿಸಬಹುದು.