ಆಹ್ವಾನ ಒಬ್ಬರದು, ಅನುಮತಿ ಇನ್ನೊಬ್ಬರದು: ಕೆನಡಾದಲ್ಲಿ ಪರವಾನಗಿ ಬೇಕಾದ ವೃತ್ತಿಗಳು

ಕೆನಡಾಕ್ಕೆ ವಲಸೆ ಹೋಗಬಯಸುವ ವಿದ್ಯಾವಂತರಲ್ಲಿ ಒಂದು ವರ್ಗದವರ ಸ್ಥಿತಿ ಉಳಿದವರ ಸ್ಥಿತಿಗಿಂತ ಬೇರೆಯಾದುದು. ವೈದ್ಯರು, ದಂತವೈದ್ಯರು, ನರ್ಸುಗಳು, ಫಾರ್ಮಸಿಸ್ಟರು, ವಕೀಲರು, ಶಾಲಾ ಶಿಕ್ಷಕರು, ಕಟ್ಟಡ ಮತ್ತು ಸೇತುವೆಗಳ ನಕ್ಷೆಗೆ ಸಹಿ ಹಾಕುವ ಎಂಜಿನಿಯರುಗಳು ಆ ದೇಶದಲ್ಲಿ ನೆಲೆಸುವ ಹಕ್ಕನ್ನು ಪಡೆದರಷ್ಟೇ ಸಾಲದು. ಕಲಿತ ಕೆಲಸವನ್ನು ಮಾಡಲು ಪ್ರತ್ಯೇಕವಾದ ಪರವಾನಗಿಯನ್ನೂ ಸಂಪಾದಿಸಬೇಕು. ಪರವಾನಗಿಯಿಲ್ಲದೆ ಮಾಡಲಾಗದ, ಎಷ್ಟೋ ಸಲ ಹೆಸರನ್ನೂ ಬಳಸಿಕೊಳ್ಳಲಾಗದ ಇಂಥ ಕೆಲಸಗಳನ್ನು ಅಲ್ಲಿ ನಿಯಂತ್ರಿತ ವೃತ್ತಿಗಳೆಂದು ಕರೆಯುತ್ತಾರೆ. ಕೆನಡಾದ ಉದ್ಯೋಗಗಳಲ್ಲಿ ಸುಮಾರು ಐದರಲ್ಲೊಂದು ಈ ಬಗೆಯದು. ಸಾಫ್ಟ್‌ವೇರ್ ಕ್ಷೇತ್ರದವರ ವಲಸೆಯ ಅನುಭವವನ್ನೇ ಮಾದರಿಯಾಗಿಟ್ಟುಕೊಂಡು ಹೊರಡುವ ವೈದ್ಯರೂ ನರ್ಸುಗಳೂ ಎಡವುವುದು ಇಲ್ಲಿಯೇ, ಏಕೆಂದರೆ ಒಬ್ಬರಿಗೆ ವೀಸಾ ಕೈಗೆ ಬಂದಾಗ ಮುಗಿಯುವ ಪ್ರಯಾಣ ಇನ್ನೊಬ್ಬರಿಗೆ ಆಗ ಅರ್ಧವೂ ಸಾಗಿರುವುದಿಲ್ಲ.

ಇದಕ್ಕೆ ಕಾರಣ ಕೆನಡಾದ ಸಂವಿಧಾನದಲ್ಲಿಯೇ ಇದೆ. 1867ರ ಸಂವಿಧಾನ ಕಾಯಿದೆಯ 95ನೆಯ ವಿಧಿಯು ವಲಸೆಯ ವಿಷಯವನ್ನು ಒಕ್ಕೂಟ ಸರ್ಕಾರ ಮತ್ತು ಪ್ರಾಂತ್ಯಗಳೆರಡಕ್ಕೂ ಹಂಚಿ, ಭಿನ್ನಾಭಿಪ್ರಾಯ ಬಂದಲ್ಲಿ ಒಕ್ಕೂಟದ ಮಾತೇ ನಡೆಯುವಂತೆ ಮಾಡಿದೆ. ಆದರೆ 92ನೆಯ ವಿಧಿಯು ಆಸ್ತಿ ಮತ್ತು ನಾಗರಿಕ ಹಕ್ಕುಗಳನ್ನು ಪ್ರಾಂತ್ಯಗಳಿಗೆ ಬಿಟ್ಟುಕೊಟ್ಟಿರುವುದರಿಂದ, ವೃತ್ತಿಗಳ ನಿಯಂತ್ರಣವೂ ಪ್ರಾಂತ್ಯಗಳ ಪಾಲಿಗೆ ಸೇರಿದೆ. ಪ್ರಾಂತ್ಯಗಳು ಆ ಅಧಿಕಾರವನ್ನು ಬಹುಮಟ್ಟಿಗೆ ಆಯಾ ವೃತ್ತಿಯವರದೇ ಆದ ಪರಿಷತ್ತುಗಳಿಗೆ ಕಾನೂನಿನ ಮೂಲಕ ವಹಿಸಿವೆ. ಹೀಗಾಗಿ ಒಂಟಾರಿಯೊದ ವೈದ್ಯ ಪರಿಷತ್ತು ಬೇರೆ, ಆಲ್ಬರ್ಟಾದ್ದು ಬೇರೆ. ನರ್ಸಿಂಗ್, ದಂತವೈದ್ಯಕೀಯ, ಎಂಜಿನಿಯರಿಂಗ್‌ಗಳಲ್ಲೂ ಹೀಗೆಯೇ. ವಲಸೆ ಇಲಾಖೆ ಅಳೆಯುವುದು ಅರ್ಜಿದಾರರಿಂದ ದೇಶದ ಆರ್ಥಿಕತೆಗೆ ಆಗಬಹುದಾದ ಲಾಭವನ್ನು, ಪರಿಷತ್ತು ಅಳೆಯುವುದು ಅದೇ ವ್ಯಕ್ತಿಯಿಂದ ರೋಗಿಗೋ ಕಕ್ಷಿದಾರನಿಗೋ ಆಗಬಹುದಾದ ಅಪಾಯವನ್ನು. ಎರಡೂ ನ್ಯಾಯವಾದ ಅಳತೆಗಳೇ. ತೊಂದರೆಯಿರುವುದು ಇವೆರಡೂ ಒಂದನ್ನೊಂದು ನೋಡದೆ ನಡೆಯುವುದರಲ್ಲಿ.

ಮೊದಲನೆಯ ಅಳತೆಗೋಲಿಗೆ ದೀರ್ಘ ಇತಿಹಾಸವಿದೆ. ಜನಾಂಗದ ಆಧಾರದ ಮೇಲೆ ವಲಸಿಗರನ್ನು ಆರಿಸುವ ಪದ್ಧತಿಯನ್ನು 1962ರಲ್ಲಿ ಬಹುಪಾಲು ಕೈಬಿಟ್ಟ ಕೆನಡಾ, 1967ರಲ್ಲಿ ವಿದ್ಯೆ, ವಯಸ್ಸು, ಭಾಷೆ, ಅನುಭವಗಳಿಗೆ ಅಂಕ ಕೊಡುವ ಪದ್ಧತಿಯನ್ನು ಜಾರಿಗೆ ತಂದಿತು. 2015ರ ಜನವರಿಯಿಂದ ಅದು ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಗಣಕೀಕೃತ ರೂಪದಲ್ಲಿ ನಡೆಯುತ್ತಿದ್ದು, ಅರ್ಜಿದಾರರನ್ನೆಲ್ಲ ಗರಿಷ್ಠ 1200 ಅಂಕಗಳ ಪಟ್ಟಿಯಲ್ಲಿ ಶ್ರೇಣೀಕರಿಸಿ, ಮೇಲಿನವರಿಗೆ ಕಾಯಂ ನಿವಾಸಕ್ಕೆ, ಅಂದರೆ ಜನರ ಮಾತಿನಲ್ಲಿ ಪಿ.ಆರ್.ಗೆ, ಅರ್ಜಿ ಹಾಕುವಂತೆ ಆಹ್ವಾನ ಕಳುಹಿಸಲಾಗುತ್ತದೆ. ಈ ಅಂಕಪಟ್ಟಿಯಲ್ಲೊಂದು ವೈಚಿತ್ರ್ಯವಿದೆ. ಪರವಾನಗಿ ಬೇಕಾದ ಕೆಲವು ವೃತ್ತಿಗಳಿಗೆ ಅಗತ್ಯವಾದ ಪದವಿಯನ್ನು ಅದು ಸ್ನಾತಕೋತ್ತರ ಪದವಿಗೆ ಸಮನಾಗಿ ಎಣಿಸುತ್ತದೆ, ಆದ್ದರಿಂದ ಎಂ.ಬಿ.ಬಿ.ಎಸ್. ಪದವಿಗೆ ಒಳ್ಳೆಯ ಅಂಕಗಳೇ ಸಿಗುತ್ತವೆ. ಪರವಾನಗಿ ಇದೆಯೇ, ಅದು ಸಿಗುವ ಸಾಧ್ಯತೆಯಾದರೂ ಇದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಈ ಎಣಿಕೆ ಕೇಳುವುದಿಲ್ಲ. ಆಹ್ವಾನ ಬಂದೊಡನೆ ತಮ್ಮ ವೃತ್ತಿಗೇ ಆಹ್ವಾನ ಬಂದಿತೆಂದು ಅರ್ಜಿದಾರರು ತಿಳಿದರೆ ಅವರನ್ನು ದೂರುವುದು ಸರಿಯಲ್ಲ.

ಪದವಿಯ ಮೌಲ್ಯಮಾಪನವೆಂಬ ಇನ್ನೊಂದು ಕಾಗದವೂ ಇದೇ ತಪ್ಪು ತಿಳಿವಳಿಕೆಗೆ ನೀರೆರೆಯುತ್ತದೆ. ವಿದೇಶಿ ಪದವಿ ಕೆನಡಾದ ಯಾವ ಪದವಿಗೆ ಸಮ ಎಂದು ಹೇಳುವ ಈ ವರದಿಯನ್ನು ವೈದ್ಯರಿಗೆ ಕೆನಡಾದ ಮೆಡಿಕಲ್ ಕೌನ್ಸಿಲ್, ಫಾರ್ಮಸಿಸ್ಟರಿಗೆ ಆ ವೃತ್ತಿಯ ರಾಷ್ಟ್ರೀಯ ಪರೀಕ್ಷಾ ಮಂಡಳಿ, ಬೇರೆ ಹೆಚ್ಚಿನವರಿಗೆ ಡಬ್ಲ್ಯು.ಇ.ಎಸ್.ನಂಥ ಸಂಸ್ಥೆಗಳು ಕೊಡುತ್ತವೆ. ಅದು 5 ವರ್ಷಗಳವರೆಗೆ ವಲಸೆಯ ಅರ್ಜಿಗೆ ಸಲ್ಲುತ್ತದೆ. ಕೆಲಸ ಮಾಡಲು ಅನುಮತಿಯೆಂದು ಯಾವ ಪ್ರಾಂತ್ಯದಲ್ಲೂ ಸಲ್ಲುವುದಿಲ್ಲ.

ವೈದ್ಯರ ದಾರಿಯಲ್ಲಿ ಆಹ್ವಾನಕ್ಕೂ ಅನುಮತಿಗೂ ನಡುವಿನ ಈ ಬಿರುಕು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಕಲಿತ ಕಾಲೇಜು ಜಾಗತಿಕ ವೈದ್ಯಕೀಯ ಶಾಲೆಗಳ ನಿರ್ದೇಶಿಕೆಯಲ್ಲಿ ಇರಬೇಕು; ಪದವಿಪತ್ರವನ್ನು ಕೊಟ್ಟ ವಿಶ್ವವಿದ್ಯಾನಿಲಯದಿಂದಲೇ ಅದರ ನೈಜತೆ ದೃಢಪಡಬೇಕು; ಮೆಡಿಕಲ್ ಕೌನ್ಸಿಲ್ ನಡೆಸುವ ಅರ್ಹತಾ ಪರೀಕ್ಷೆಯ ಮೊದಲ ಭಾಗವನ್ನು ಪಾಸು ಮಾಡಬೇಕು. ಈ ಪರೀಕ್ಷೆಯನ್ನು ಈಗ ಭಾರತದಲ್ಲಿಯೇ ಬರೆಯಬಹುದು. ಅನಂತರ ವಿದೇಶಿ ಪದವೀಧರರಿಗಾಗಿಯೇ ಇರುವ, ನಟರೋಗಿಗಳನ್ನು ಮುಂದಿಟ್ಟು ವೈದ್ಯರ ಕೈಚಳಕವನ್ನೂ ಮಾತಿನ ರೀತಿಯನ್ನೂ ಪರೀಕ್ಷಿಸುವ ಎನ್.ಎ.ಸಿ. ಪರೀಕ್ಷೆಗೆ ಕೆನಡಾಕ್ಕೇ ಹೋಗಬೇಕು. ಇಷ್ಟನ್ನೂ ದಾಟಿದವರು ಸಾಮಾನ್ಯವಾಗಿ ರೆಸಿಡೆನ್ಸಿ ಎಂಬ, ಆಸ್ಪತ್ರೆಯಲ್ಲಿ ಸಂಬಳ ಪಡೆದು ಕಲಿಯುವ ಸ್ನಾತಕೋತ್ತರ ತರಬೇತಿಗೆ ಸೇರಬೇಕು. ಅದರ ಸೀಟುಗಳನ್ನು ಕಾರ್ಮ್ಸ್ ಎಂಬ ರಾಷ್ಟ್ರೀಯ ವ್ಯವಸ್ಥೆ ಹೊಂದಾಣಿಕೆಯ ಲೆಕ್ಕಾಚಾರದಿಂದ ಹಂಚುತ್ತದೆ. ಹೆಚ್ಚಿನ ಪ್ರಾಂತ್ಯಗಳಲ್ಲಿ ಕೆನಡಾದ ಕಾಲೇಜುಗಳಲ್ಲಿ ಓದಿದವರ ಸೀಟುಗಳೂ ವಿದೇಶಗಳಲ್ಲಿ ಓದಿದವರ ಸೀಟುಗಳೂ ಬೇರೆ ಬೇರೆ. ಎರಡನೆಯವು ಬೇಡಿಕೆಗೆ ಹೋಲಿಸಿದರೆ ತೀರ ಕಡಮೆ. ಸಾಲದ್ದಕ್ಕೆ, ಪಿ.ಆರ್. ಅಥವಾ ಪೌರತ್ವ ಇಲ್ಲದವರು ಈ ಹಂಚಿಕೆಯಲ್ಲಿ ಭಾಗವಹಿಸುವಂತೆಯೂ ಇಲ್ಲ. ಹಾಗಾಗಿ ಮೊದಲು ಊರು ಬಿಟ್ಟು, ನಡೆಯುತ್ತಿದ್ದ ಕೆಲಸವನ್ನು ಬಿಟ್ಟು, ಅಲ್ಲಿ ನೆಲೆಸಿದ ಮೇಲೆಯೇ ಸೀಟು ಸಿಗುವುದೋ ಇಲ್ಲವೋ ಎಂಬುದು ಗೊತ್ತಾಗುತ್ತದೆ.

ಇಲ್ಲೊಂದು ಭೇದವನ್ನು ಬಿಡಿಸಿ ನೋಡಬೇಕು. ಪರೀಕ್ಷೆಗಳು ಅರ್ಹತೆಯನ್ನು ಅಳೆಯುತ್ತವೆ, ರೋಗಿಯ ಹಿತದ ದೃಷ್ಟಿಯಿಂದ ಅವು ಇರಬೇಕಾದವೇ. ರೆಸಿಡೆನ್ಸಿ ಸೀಟುಗಳ ಸಂಖ್ಯೆಯನ್ನು ನಿರ್ಧರಿಸುವುದು ಮಾತ್ರ ಪ್ರಾಂತ್ಯ ಸರ್ಕಾರಗಳ ಬೊಕ್ಕಸ. ಎಲ್ಲ ಪರೀಕ್ಷೆಗಳನ್ನೂ ಪಾಸಾದ ವೈದ್ಯರೊಬ್ಬರು ಟೊರಾಂಟೊದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರೆ ಅದು ಅವರ ವಿದ್ಯೆಯ ಕೊರತೆಯಿಂದಲ್ಲ. ವಿದೇಶಿ ಪದವಿಗಳ ಗುಣಮಟ್ಟದ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಈ ಎರಡು ಸಂಗತಿಗಳನ್ನು ಬೆರೆಸಿಬಿಡುವುದರಿಂದ, ಹಣಕಾಸಿನ ತೀರ್ಮಾನವೊಂದು ಅರ್ಹತೆಯ ತೀರ್ಪಿನ ವೇಷ ತೊಟ್ಟುಕೊಳ್ಳುತ್ತದೆ.

ಭಾರತದಲ್ಲಿ ಎಂ.ಡಿ. ಅಥವಾ ಎಂ.ಎಸ್. ಮುಗಿಸಿ ವರ್ಷಗಟ್ಟಲೆ ಸ್ವತಂತ್ರವಾಗಿ ವೈದ್ಯವೃತ್ತಿ ನಡೆಸಿದವರಿಗೆ ರೆಸಿಡೆನ್ಸಿಯನ್ನು ಬಳಸಿಹೋಗುವ ದಾರಿಯೊಂದಿದೆ. ಪ್ರಾಕ್ಟೀಸ್ ರೆಡಿ ಅಸೆಸ್‌ಮೆಂಟ್ ಎಂಬ ಈ ವ್ಯವಸ್ಥೆಯಲ್ಲಿ ಅಭ್ಯರ್ಥಿ ಸುಮಾರು 12 ವಾರ ಹಿರಿಯ ವೈದ್ಯರ ಕಣ್ಣೆದುರು ಕೆಲಸ ಮಾಡಬೇಕು, ತೃಪ್ತಿಕರವೆನಿಸಿದರೆ ಷರತ್ತುಬದ್ಧ ಪರವಾನಗಿ ಪಡೆದು, ಪ್ರಾಂತ್ಯ ಸೂಚಿಸಿದ ಊರಿನಲ್ಲಿ, ಬಹುತೇಕ ನಗರಗಳಿಂದ ದೂರದ ಸಣ್ಣ ಊರಿನಲ್ಲಿ, ಕೆಲವು ವರ್ಷ ಸೇವೆ ಸಲ್ಲಿಸಬೇಕು. ಬ್ರಿಟಿಷ್ ಕೊಲಂಬಿಯಾ, ಸಸ್ಕಾಚೆವನ್, ಮ್ಯಾನಿಟೋಬಾ ಮೊದಲಾದ ಪ್ರಾಂತ್ಯಗಳಲ್ಲಿ ಇದು ನಡೆದುಬಂದಿದೆ. ಟೊರಾಂಟೊದಲ್ಲಿಯೇ ಇರಬೇಕೆಂಬ ಹಟವಿಲ್ಲದವರಿಗೆ ಇದು ರೆಸಿಡೆನ್ಸಿಗಿಂತ ಎಷ್ಟೋ ಹತ್ತಿರದ ದಾರಿ, ಆದರೂ ನಮ್ಮಲ್ಲಿ ಇದರ ಪ್ರಸ್ತಾಪ ಕಡಮೆ.

ನರ್ಸುಗಳ ವಿಷಯದಲ್ಲಿ ತೊಡಕು ಸೀಟಿನದಲ್ಲ. ಕಾಗದಪತ್ರದ್ದು ಮತ್ತು ಕಾಲದ್ದು. ಕ್ವಿಬೆಕ್ ಹೊರತಾದ ಪ್ರಾಂತ್ಯಗಳು 2015ರಿಂದ ಎನ್‌ಕ್ಲೆಕ್ಸ್ ಎಂಬ ಅಮೆರಿಕದ ಪರೀಕ್ಷೆಯನ್ನೇ ತಮ್ಮದಾಗಿಸಿಕೊಂಡಿದ್ದು, ಅದನ್ನು ಬೆಂಗಳೂರಿನಲ್ಲಿಯೇ ಬರೆಯಬಹುದು. ವಿದೇಶಿ ನರ್ಸುಗಳ ದಾಖಲೆಗಳನ್ನು ಒಂದೆಡೆ ಪರಿಶೀಲಿಸಲು ಎನ್.ಎನ್.ಎ.ಎಸ್. ಎಂಬ ರಾಷ್ಟ್ರೀಯ ಸೇವೆ 2014ರಲ್ಲಿ ಆರಂಭವಾಯಿತು. ಕಲಿತ ಕಾಲೇಜು, ವಿಶ್ವವಿದ್ಯಾನಿಲಯ, ನೋಂದಣಿ ಮಾಡಿದ ನರ್ಸಿಂಗ್ ಪರಿಷತ್ತು, ಕೆಲಸ ಮಾಡಿದ ಆಸ್ಪತ್ರೆ, ಇವುಗಳು ದಾಖಲೆಗಳನ್ನು ಅರ್ಜಿದಾರರ ಕೈಗೆ ಕೊಡದೆ ನೇರವಾಗಿ ಕಳುಹಿಸಬೇಕೆಂಬುದು ಇಂಥ ಪರಿಶೀಲನೆಗಳ ಸಾಮಾನ್ಯ ನಿಯಮ. ಎಷ್ಟು ಗಂಟೆ ಪಾಠ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಪೋಸ್ಟಿಂಗ್ ಎಂಬ ವಿವರಗಳನ್ನೂ ಕೇಳುತ್ತಾರೆ. ಕಾಲೇಜು ಮುಚ್ಚಿಹೋಗಿದ್ದರೆ ಅಥವಾ ಹೆಸರು ಬದಲಾಗಿದ್ದರೆ ಈ ಒಂದು ಹಾಳೆಗಾಗಿ ತಿಂಗಳುಗಳು ಹೋಗುತ್ತವೆ. ಕೆನಡಾದ ಬಹುಪಾಲು ಪ್ರಾಂತ್ಯಗಳಲ್ಲಿ ರಿಜಿಸ್ಟರ್ಡ್ ನರ್ಸ್ ಆಗಲು ಪದವಿಮಟ್ಟದ ಶಿಕ್ಷಣ ಬೇಕಾದುದರಿಂದ, ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿದವರಿಗೂ ಜಿ.ಎನ್.ಎಂ. ಡಿಪ್ಲೊಮಾ ಪಡೆದವರಿಗೂ ದಾರಿ ಒಂದೇ ಆಗಿರುವುದಿಲ್ಲ. ಎರಡನೆಯವರನ್ನು ಹಲವು ಬಾರಿ ಪ್ರಾಕ್ಟಿಕಲ್ ನರ್ಸ್ ಎಂಬ ಕೆಳಗಿನ ದರ್ಜೆಗೆ ಪರಿಗಣಿಸಲಾಗಿದೆ.

ಕರ್ನಾಟಕದಲ್ಲಿ ಓದಿದವರಿಗೆ ಈ ದಾಖಲೆಗಳ ಹಂತದಲ್ಲಿ ಎರಡು ವಿಶೇಷ ತೊಡಕುಗಳಿವೆ. ರಾಜ್ಯದ ಬಹುಪಾಲು ಆರೋಗ್ಯ ವಿಜ್ಞಾನದ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದಡಿ ಬಂದುದು 1996ರಲ್ಲಿ ಅದು ಸ್ಥಾಪನೆಯಾದ ಮೇಲೆ. ಅದಕ್ಕೂ ಮೊದಲು ಸೇರಿದ ಹಿರಿಯ ವೈದ್ಯರ ದಾಖಲೆಗಳನ್ನು ಬೆಂಗಳೂರು, ಮೈಸೂರು, ಮಂಗಳೂರು, ಕರ್ನಾಟಕ, ಗುಲ್ಬರ್ಗಾ ವಿಶ್ವವಿದ್ಯಾನಿಲಯಗಳಲ್ಲಿ ಹುಡುಕಬೇಕು. ಇನ್ನೊಂದು ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್‌ಗಳಷ್ಟೇ ಇದ್ದು, ಪಾಸ್‌ಪೋರ್ಟಿನಲ್ಲಿ ಅವನ್ನು ಬಿಡಿಸಿ ಬರೆದಾಗ ಊರಿನ ಹೆಸರೋ ತಂದೆಯ ಹೆಸರೋ ಮನೆತನದ ಹೆಸರಿನ ಸ್ಥಾನದಲ್ಲಿ ಬಂದು ಕೂರುತ್ತದೆ. ಮದುವೆಯ ನಂತರ ಗಂಡನ ಹೆಸರು ಸೇರಿಸಿಕೊಂಡ ಮಹಿಳೆಯರಿಗೆ ಮೂರನೆಯದೊಂದು ರೂಪವೂ ಉಂಟು. ಇನಿಷಿಯಲ್ ಪದ್ಧತಿಯ ಪರಿಚಯವಿಲ್ಲದ ಗುಮಾಸ್ತರಿಗೆ ಇವು ಬೇರೆ ಬೇರೆ ವ್ಯಕ್ತಿಗಳ ಕಾಗದಗಳಂತೆ ಕಾಣುವುದು ಸಹಜ. ಹೊರಡುವ ಮುನ್ನವೇ ಅಫಿಡವಿಟ್ ಮಾಡಿಸಿ, ಸಾಧ್ಯವಿದ್ದಲ್ಲಿ ದಾಖಲೆಗಳನ್ನೇ ತಿದ್ದಿಸಿಕೊಳ್ಳುವುದು ಇಲ್ಲಿದ್ದಾಗ ವಾರಗಳ ಕೆಲಸ, ಅಲ್ಲಿಂದ ಮಾಡಿಸುವುದು ವರ್ಷದ ಕೆಲಸ.

ಕಾಲದ ತೊಡಕು ಇದಕ್ಕಿಂತ ಕಠಿಣವಾದುದು. ಐ.ಇ.ಎಲ್.ಟಿ.ಎಸ್. ಭಾಷಾ ಪರೀಕ್ಷೆಯ ಫಲಿತಾಂಶ 2 ವರ್ಷಕ್ಕೆ ಹಳತಾಗುತ್ತದೆ. ಪದವಿ ಮೌಲ್ಯಮಾಪನಕ್ಕೆ 5 ವರ್ಷದ ಆಯುಸ್ಸು. ಎಲ್ಲಕ್ಕೂ ಮಿಗಿಲಾಗಿ, ಅರ್ಜಿದಾರರು ಇತ್ತೀಚಿನ ವರ್ಷಗಳಲ್ಲಿ ವೃತ್ತಿಯಲ್ಲಿ ತೊಡಗಿದ್ದರು ಎಂಬುದಕ್ಕೆ ಪರಿಷತ್ತುಗಳು ಪುರಾವೆ ಕೇಳುತ್ತವೆ. ನರ್ಸಿಂಗ್‌ನಲ್ಲಿ ಈ ಅವಧಿ ಪ್ರಾಂತ್ಯಕ್ಕೆ ತಕ್ಕಂತೆ 3ರಿಂದ 5 ವರ್ಷ. ಕೆನಡಾಕ್ಕೆ ಬಂದಿಳಿದ ನರ್ಸ್ ಒಬ್ಬರು ಪರವಾನಗಿಗೆ ಕಾಯುತ್ತ, ಹೊಟ್ಟೆಪಾಡಿಗಾಗಿ ವೃದ್ಧಾಶ್ರಮದಲ್ಲಿ ಪರ್ಸನಲ್ ಸಪೋರ್ಟ್ ವರ್ಕರ್ ಆಗಿ ದುಡಿದರೆ, ಹಿರಿಯರನ್ನು ಎಬ್ಬಿಸಿ ಕೂರಿಸಿ ಉಣಿಸಿ ಆರೈಕೆ ಮಾಡಿದ ಆ ಗಂಟೆಗಳು ನರ್ಸಿಂಗ್ ಅನುಭವವೆಂದು ಲೆಕ್ಕಕ್ಕೆ ಬರುವುದಿಲ್ಲ. ಕಾಯಿಸುವುದೂ ವ್ಯವಸ್ಥೆಯೇ, ಕಾದದ್ದರಿಂದ ಅನುಭವ ಹಳಸಿತೆಂದು ಹೇಳುವುದೂ ವ್ಯವಸ್ಥೆಯೇ.

ದಂತವೈದ್ಯರು, ಫಾರ್ಮಸಿಸ್ಟರು, ವಕೀಲರ ದಾರಿಗಳು ವಿವರಗಳಲ್ಲಿ ಬೇರೆಯಾದರೂ ಸ್ವರೂಪದಲ್ಲಿ ಒಂದೇ. ಬಿ.ಡಿ.ಎಸ್. ಪಡೆದವರು ಮೂಲಜ್ಞಾನ, ರೋಗನಿರ್ಣಯದ ವಿವೇಚನೆ, ಕೈಕೆಲಸಗಳ ಮೇಲೆ ರಾಷ್ಟ್ರೀಯ ದಂತ ಪರೀಕ್ಷಾ ಮಂಡಳಿಯ ಸರಣಿ ಪರೀಕ್ಷೆಗಳನ್ನು ಎದುರಿಸುತ್ತಾರೆ ಅಥವಾ ವಿಶ್ವವಿದ್ಯಾನಿಲಯಗಳ ಪೂರಕ ಪದವಿ ಶಿಕ್ಷಣಕ್ಕೆ ಸೇರುತ್ತಾರೆ, ಎಲ್‌ಎಲ್.ಬಿ. ಓದಿದವರಿಗೆ ಯಾವ ವಿಷಯಗಳಲ್ಲಿ ಮತ್ತೆ ಪರೀಕ್ಷೆ ಬರೆಯಬೇಕೆಂಬುದನ್ನು ರಾಷ್ಟ್ರೀಯ ಮಾನ್ಯತಾ ಸಮಿತಿ ತಿಳಿಸುತ್ತದೆ.

ಎಂಜಿನಿಯರುಗಳದು ಮಾತ್ರ ತುಸು ಬೇರೆ ಕಥೆ. ಭಾರತದಲ್ಲಿ ಬಿ.ಇ. ಮುಗಿಸಿದವರೆಲ್ಲ ಎಂಜಿನಿಯರುಗಳೇ, ಕೆನಡಾದಲ್ಲಿ ಪಿ.ಎಂಜಿ. ಎಂಬ ಪರವಾನಗಿ ಇಲ್ಲದವರು ಆ ಪದನಾಮವನ್ನು ಬಳಸುವಂತಿಲ್ಲ. ಆದರೆ ಪರವಾನಗಿಯುಳ್ಳ ಒಬ್ಬರ ಹೊಣೆಗಾರಿಕೆಯಡಿ ಉಳಿದವರು ಎಂಜಿನಿಯರಿಂಗ್ ಕೆಲಸ ಮಾಡಲು ಅಡ್ಡಿಯಿಲ್ಲದ ಕಾರಣ, ಇವರು ವೈದ್ಯರಂತೆ ಪೂರ್ತಿ ಹೊರಗುಳಿಯುವುದಿಲ್ಲ. ಸಾಫ್ಟ್‌ವೇರ್‌ನವರು ಎಂಜಿನಿಯರ್ ಎಂದು ಕರೆದುಕೊಳ್ಳಬಹುದೇ ಎಂಬ ವ್ಯಾಜ್ಯ ಆಲ್ಬರ್ಟಾದಲ್ಲಿ ಕೋರ್ಟಿನವರೆಗೂ ಹೋಗಿ, ಕೊನೆಗೆ 2023ರಲ್ಲಿ ಆ ಪ್ರಾಂತ್ಯವು ಕಾನೂನನ್ನೇ ತಿದ್ದಿ ಅವರಿಗೆ ವಿನಾಯಿತಿ ಕೊಟ್ಟಿತು. ಬೆಂಗಳೂರಿನಲ್ಲಿ ಇಂಥದೊಂದು ದಾವೆ ಹೂಡಿದ್ದರೆ ನ್ಯಾಯಾಲಯಗಳಿಗೆ ಬೇರೆ ಕೆಲಸಕ್ಕೆ ಬಿಡುವಿರುತ್ತಿರಲಿಲ್ಲ.

ಸುಧಾರಣೆಗಳು ನಡೆದಿಲ್ಲವೆಂದೇನಲ್ಲ. ಪರಿಷತ್ತುಗಳು ನ್ಯಾಯವಾಗಿ, ಪಾರದರ್ಶಕವಾಗಿ ನಡೆದುಕೊಳ್ಳುತ್ತಿವೆಯೇ ಎಂದು ನೋಡಲು ಒಂಟಾರಿಯೊ 2006ರಲ್ಲಿ ಕಾಯಿದೆ ಮಾಡಿ ಆಯುಕ್ತರ ಹುದ್ದೆಯನ್ನು ಸೃಷ್ಟಿಸಿತು. ಕೆನಡಾದಲ್ಲಿ ಮಾಡಿದ ಕೆಲಸದ ಅನುಭವವನ್ನೇ ಕಡ್ಡಾಯವಾಗಿ ಕೇಳುವುದು ಮೇಲ್ನೋಟಕ್ಕೇ ತಾರತಮ್ಯವೆಂದು ಆ ಪ್ರಾಂತ್ಯದ ಮಾನವ ಹಕ್ಕುಗಳ ಆಯೋಗ 2013ರಲ್ಲಿ ಸಾರಿತು. ಎಂಜಿನಿಯರುಗಳ ಪರಿಷತ್ತು ಆ ಷರತ್ತನ್ನು ಕೈಬಿಡಲು ಮಾತ್ರ 2023 ಬರಬೇಕಾಯಿತು, ಅದೂ ಪ್ರಾಂತ್ಯವು 2021ರಲ್ಲಿ ಕಾನೂನಿನ ಮೂಲಕ ಒತ್ತಾಯಿಸಿದ ಮೇಲೆ. ಕೆನಡಾದೊಳಗಿನ ಮುಕ್ತ ವ್ಯಾಪಾರ ಒಪ್ಪಂದ 2017ರಲ್ಲಿ ಜಾರಿಗೆ ಬಂದು, ಒಂದು ಪ್ರಾಂತ್ಯದ ಪರವಾನಗಿಯನ್ನು ಮತ್ತೊಂದು ಪ್ರಾಂತ್ಯ ಬಹುತೇಕ ಮರುಪರೀಕ್ಷೆಯಿಲ್ಲದೆ ಒಪ್ಪಬೇಕೆಂಬ ನಿಯಮವನ್ನು ಮುಂದುವರಿಸಿತು. ಹೀಗಾಗಿ ಬೇಗ ಪರವಾನಗಿ ಸಿಗುವ ಸಣ್ಣ ಪ್ರಾಂತ್ಯವೊಂದರಲ್ಲಿ ನೋಂದಾಯಿಸಿಕೊಂಡು, ಅನಂತರ ಬೇಕಾದ ಕಡೆಗೆ ಸಾಗುವುದು ತಿಳಿದವರು ಹಿಡಿಯುವ ದಾರಿಯಾಗಿದೆ.

ಇದೆಲ್ಲದರಿಂದ ಹೊರಡುವ ವ್ಯಾವಹಾರಿಕ ಮಾತು ಕ್ರಮಕ್ಕೆ ಸಂಬಂಧಿಸಿದ್ದು. ಹೆಚ್ಚಿನವರು ಮೊದಲು ವೀಸಾ, ಆಮೇಲೆ ಪರವಾನಗಿ ಎಂಬ ಕ್ರಮವನ್ನು ಹಿಡಿಯುತ್ತಾರೆ. ವಲಸೆ ಏಜೆಂಟರೂ ಅದನ್ನೇ ಹೇಳುತ್ತಾರೆ, ಏಕೆಂದರೆ ಅವರ ಕೆಲಸ ಮುಗಿಯುವುದು ವೀಸಾದೊಂದಿಗೆ. ಪ್ರಾಂತ್ಯವನ್ನು ಆರಿಸಿಕೊಂಡು, ಅಲ್ಲಿನ ಪರಿಷತ್ತಿನ ಷರತ್ತುಗಳನ್ನು ಓದಿ, ದಾಖಲೆ ದೃಢೀಕರಣವನ್ನೂ ಇಲ್ಲಿಯೇ ಬರೆಯಬಹುದಾದ ಪರೀಕ್ಷೆಗಳನ್ನೂ ಕೆಲಸದಲ್ಲಿರುವಾಗಲೇ ಮುಗಿಸಿಕೊಂಡರೆ, ವೃತ್ತಿಯ ಅನುಭವ ಹಳಸುವ ಅಪಾಯವೂ ಕೈಯಲ್ಲಿನ ಹಣ ಡಾಲರಿನಲ್ಲಿ ಕರಗುವ ಅಪಾಯವೂ ಎಷ್ಟೋ ಕಡಮೆಯಾಗುತ್ತವೆ. ಹೊರಟ ಮೇಲೂ ಕರ್ನಾಟಕದ ವೈದ್ಯಕೀಯ ಪರಿಷತ್ತಿನಲ್ಲೋ ನರ್ಸಿಂಗ್ ಪರಿಷತ್ತಿನಲ್ಲೋ ಇರುವ ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸುತ್ತಿರಬೇಕು. ವ್ಯಕ್ತಿಯ ಮೇಲೆ ಶಿಸ್ತಿನ ದೂರುಗಳಿಲ್ಲವೆಂದು ಹೇಳುವ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟನ್ನು ಕೆನಡಾದ ಪರಿಷತ್ತುಗಳು ಕೇಳಿಯೇ ಕೇಳುತ್ತವೆ, ಮತ್ತು ಅವಧಿ ಮೀರಿದ ನೋಂದಣಿಯಿಟ್ಟುಕೊಂಡು ಅದನ್ನು ಪಡೆಯಲು ಹೊರಟವರಿಗೆ ಮೊದಲು ನೋಂದಣಿಯನ್ನೇ ಮತ್ತೆ ಊರ್ಜಿತಗೊಳಿಸಿಕೊಳ್ಳಬೇಕಾದ ಕೆಲಸ ಎದುರಾಗುತ್ತದೆ.