‘ಸೆಟ್’ ಶಬ್ದದ ದೊಡ್ಡ ಸಂಸಾರ

ಕನ್ನಡ ಪಾಠ ಹೇಳುವವನಿಗೆ ಇಂಗ್ಲಿಷ್ ಶಬ್ದದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ನಮ್ಮ ಕಾಲೇಜಿನಲ್ಲಿ ಭಾಷಾಂತರದ ಪಾಠವೂ ನನ್ನ ಪಾಲಿಗೇ ಬಂದಿರುವುದರಿಂದ ಆ ಗೊಡವೆ ನನಗೆ ತಪ್ಪಿದ್ದಲ್ಲ. ಕಳೆದ ವರ್ಷ ತರಗತಿಯ ಕಿರುಪರೀಕ್ಷೆಗೆ ಇಂಗ್ಲಿಷಿನ ಹತ್ತು ವಾಕ್ಯಗಳನ್ನು ಕೊಟ್ಟಿದ್ದೆ. ಹತ್ತರಲ್ಲಿಯೂ ಇದ್ದುದು ‘ಸೆಟ್’ ಎಂಬ ಒಂದೇ ಕ್ರಿಯಾಪದ. ಒಂದೊಂದರಲ್ಲಿಯೂ ಅದರ ಅರ್ಥ ಬೇರೆ. ಹುಡುಗರನ್ನು ಕೊಂಚ ತೊಡಕಿಗೆ ಸಿಕ್ಕಿಸಬೇಕೆಂಬ ಚಪಲವೂ ನನಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಕೊನೆಗೆ ತೊಡಕಿಗೆ ಸಿಕ್ಕಿದವನು ನಾನೇ.

ಈ ಪುಟ್ಟ ಶಬ್ದದ ಸಂಸಾರ ಸಾಮಾನ್ಯವಾದುದಲ್ಲ. ೧೯೮೯ರಲ್ಲಿ ಇಪ್ಪತ್ತು ಸಂಪುಟಗಳಾಗಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ದೀರ್ಘವಾದ ವಿವರಣೆ ಈ ಕ್ರಿಯಾಪದದ್ದೇ. ಅದಕ್ಕೆ ೪೩೦ಕ್ಕೂ ಹೆಚ್ಚು ಅರ್ಥಗಳು. ಅವುಗಳ ವಿವರಣೆಗೆ ಸುಮಾರು ೬೦,೦೦೦ ಪದಗಳು. ಒಂದು ಕಾದಂಬರಿಗೆ ಸಾಕಾಗುವಷ್ಟಾಯಿತು! ಆಮೇಲಿನ ಪರಿಷ್ಕರಣದಲ್ಲಿ ‘ರನ್’ ಎಂಬ ಕ್ರಿಯಾಪದ ೬೪೫ ಅರ್ಥಗಳನ್ನು ಪಡೆದು ಇದನ್ನು ಹಿಂದೆ ಹಾಕಿತೆಂಬ ಸುದ್ದಿ ೨೦೧೧ರಲ್ಲಿ ಬಂತು. ಓಡುವ ಶಬ್ದವೇ ಓಟದಲ್ಲಿ ಗೆದ್ದುದು ನ್ಯಾಯವೆನ್ನಬೇಕು.

ಸೂರ್ಯನ ಮಾತು ಬಂದಾಗ ‘ಸೆಟ್’ ಎಂದರೆ ಮುಳುಗುವುದು. ಬಲೆಯ ಮಾತಿನಲ್ಲಿ ಒಡ್ಡುವುದು. ಬೆಂಕಿಯ ಮಾತಿನಲ್ಲಿ ಹಚ್ಚುವುದು. ಮೊಸರಿನ ಮಾತಿನಲ್ಲಿ ಹೆಪ್ಪುಗಟ್ಟುವುದು. ದಿನದ ಮಾತಿನಲ್ಲಿ ಗೊತ್ತುಮಾಡುವುದು. ಇಂಗ್ಲಿಷ್ ಒಬ್ಬ ಆಳಿನಿಂದ ಮಾಡಿಸಿಕೊಳ್ಳುವ ಚಾಕರಿಗೆ ಕನ್ನಡ ಐದು ಆಳುಗಳನ್ನು ಕರೆಯುತ್ತದೆ. ಆದುದರಿಂದ ಭಾಷಾಂತರಕಾರ ಶಬ್ದವನ್ನಷ್ಟೇ ನೋಡಿದರೆ ಸಾಲದು. ಅದರ ಪಕ್ಕದಲ್ಲಿ ಇರುವವರು ಯಾರು ಎಂಬುದನ್ನೂ ನೋಡಬೇಕು. ಇದನ್ನು ಹುಡುಗರಿಗೆ ಬಾರಿ ಬಾರಿ ಹೇಳಿದವನು ನಾನು.

ಪರೀಕ್ಷೆಯ ಏಳನೆಯ ವಾಕ್ಯದಲ್ಲಿ ವೈದ್ಯನೊಬ್ಬ ಮೂಳೆಯನ್ನು ‘ಸೆಟ್’ ಮಾಡುತ್ತಾನೆ. ಹಳ್ಳಿಯಿಂದ ಬಂದ ಹುಡುಗನೊಬ್ಬ ‘ವೈದ್ಯನು ಮೂಳೆಯನ್ನು ಕೂರಿಸಿದನು’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ, ‘ಗ್ರಾಮ್ಯ’ ಎಂದು ಬರೆದು, ಮೇಲೆ ‘ಜೋಡಿಸಿದನು’ ಎಂದು ತಿದ್ದಿ ಅಂಕವನ್ನು ಕಳೆದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಪತ್ರಿಕೆಗಳನ್ನು ಹಿಂದಿರುಗಿಸುವಾಗ, “ಮೂಳೆಗೆ ಮಣೆ ಹಾಕಿ ಕೂರಿಸಿದರೇನಪ್ಪ?” ಎಂದು ಕೇಳಿದೆ. ತರಗತಿಯೆಲ್ಲ ನಕ್ಕಿತು.

ಪಾಠ ಮುಗಿದ ಮೇಲೆ ಹುಡುಗ ಬಾಗಿಲ ಬಳಿ ನಿಂತಿದ್ದ. “ನಮ್ಮ ತಾತ ಮೂಳೆ ಕೂರಿಸುತ್ತಾರೆ ಸಾರ್. ಊರಿನಲ್ಲಿ ಎಲ್ಲರೂ ಹಾಗೇ ಅನ್ನುವುದು. ಎರಡು ತುಂಡು ಹತ್ತಿರಕ್ಕೆ ತಂದರೆ ಅದು ಜೋಡಿಸಿದ ಹಾಗೆ. ಮೂಳೆ ಅದರ ಜಾಗಕ್ಕೇ ಹೋಗಿ ನಿಂತರೆ ಕೂತ ಹಾಗೆ” ಎಂದ. ದನಿಯಲ್ಲಿ ಕೋಪವಿರಲಿಲ್ಲ. ನನ್ನ ಬಳಿ ಉತ್ತರವೂ ಇರಲಿಲ್ಲ.

ಆ ರಾತ್ರಿ ‘ಸೆಟ್’ ಶಬ್ದದ ಹುಟ್ಟನ್ನು ಹುಡುಕಿ ನೋಡಿದೆ. ಹಳೆಯ ಇಂಗ್ಲಿಷಿನಲ್ಲಿ ಅದರ ರೂಪ ‘ಸೆಟ್ಟನ್’. ಕುಳಿತುಕೊಳ್ಳುವುದೆಂಬ ಅರ್ಥದ ‘ಸಿಟ್’ ಧಾತುವಿನ ಪ್ರೇರಣಾರ್ಥಕ ರೂಪವೇ ಅದು. ಎಂದರೆ ‘ಸೆಟ್’ ಎಂಬುದಕ್ಕೆ ಮೂಲಾರ್ಥ ಕೂರಿಸುವುದು! ಅವರು ಸ್ವರವನ್ನು ಬದಲಿಸಿ ಸಾಧಿಸಿದುದನ್ನು ನಾವು ‘ಇಸು’ ಪ್ರತ್ಯಯ ಹಚ್ಚಿ ಸಾಧಿಸಿದ್ದೇವೆ. ಅಕ್ಕಸಾಲಿಗ ಉಂಗುರಕ್ಕೆ ಹರಳನ್ನು ಕೂರಿಸುತ್ತಾನೆ. ಹಳ್ಳಿಯ ಹೆಂಗಸು ಕೋಳಿಯನ್ನು ಕಾವಿಗೆ ಕೂರಿಸುತ್ತಾಳೆ. ಎರಡು ಕಡೆಯೂ ಇಂಗ್ಲಿಷಿನವರು ಹೇಳುವುದು ‘ಸೆಟ್’ ಎಂದೇ. ನವರಾತ್ರಿಗೆ ಗೊಂಬೆ ಕೂರಿಸುವ, ಚೌತಿಗೆ ಗಣಪತಿ ಕೂರಿಸುವ ನಾವು ಮೂಳೆಯನ್ನು ಕೂರಿಸಲು ನಾಚಬೇಕಾದುದೇನು? ಕನ್ನಡಕ್ಕೂ ಇಂಗ್ಲಿಷಿಗೂ ಕುಲಸಂಬಂಧವಿಲ್ಲ; ಆದರೂ ವಸ್ತುವೊಂದು ತನ್ನ ನೆಲೆಯನ್ನು ಸೇರುವುದನ್ನು ಎರಡು ಜನರೂ ಒಂದೇ ಬಗೆಯಾಗಿ ಕಂಡಿದ್ದಾರೆ. ನಿಘಂಟಿನ ೪೩೦ ಅರ್ಥಗಳ ಬೇರಿನಲ್ಲಿದ್ದುದನ್ನು ಆ ಹುಡುಗ ನಿಘಂಟಿಲ್ಲದೆಯೇ ಹಿಡಿದಿದ್ದ.

ಟೀ ಸೆಟ್ಟು, ಸೆಟ್ ದೋಸೆಗಳ ‘ಸೆಟ್’ ಮಾತ್ರ ಬೇರೆ ಮನೆತನದ್ದು. ಗುಂಪೆಂಬ ಅರ್ಥದ ಆ ನಾಮಪದ ಹಿಂಬಾಲಿಸುವಿಕೆಯನ್ನು ಹೇಳುವ ‘ಸೆಕ್ಟಾ’ ಎಂಬ ಲ್ಯಾಟಿನ್ ಶಬ್ದದಿಂದ ಹುಟ್ಟಿ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, ಕ್ರಿಯಾಪದದ ರೂಪದಲ್ಲಿ ಬೆರೆತುಹೋಯಿತು. ಈಗ ‘ಎಲ್ಲ ಸೆಟ್ ಆಯ್ತು’ ಎಂದು ನಮ್ಮ ಹುಡುಗರು ಹೇಳುವಾಗ ಅದು ಕನ್ನಡದ ಮನೆಗೂ ಬಂದು ಕುಳಿತಿದೆ. ಬರಲಿ, ನನ್ನ ಆಕ್ಷೇಪಣೆಯಿಲ್ಲ. ಅತಿಥಿ ಬಂದನೆಂದು ಮನೆಯ ಹಿರಿಯನನ್ನು ಎಬ್ಬಿಸದಿದ್ದರೆ ಸಾಕು. ಆ ದಿನ ಹಿರಿಯನನ್ನು ಎಬ್ಬಿಸಿದವನು ಅತಿಥಿಯಲ್ಲ, ಕನ್ನಡದ ಮೇಷ್ಟ್ರು.

ಮರುದಿನ ತರಗತಿಯಲ್ಲಿ ಇದನ್ನೆಲ್ಲ ಹೇಳಿ, ಕಳೆದ ಅಂಕವನ್ನು ಹಿಂದಕ್ಕೆ ಕೊಟ್ಟೆ. ಹುಡುಗ ತಲೆ ತಗ್ಗಿಸಿಕೊಂಡೇ ಪತ್ರಿಕೆಯನ್ನು ತೆಗೆದುಕೊಂಡ. ಅಂಕವನ್ನು ಹಿಂದಿರುಗಿಸಬಹುದು, ನಲವತ್ತು ಜನರ ನಗುವನ್ನು ಹಿಂದಕ್ಕೆ ಪಡೆಯುವುದು ಹೇಗೆ? ಅಂದಿನಿಂದ ‘ಗ್ರಾಮ್ಯ’ ಎಂದು ಬರೆಯುವ ಮೊದಲು ಹುಡುಗರನ್ನು ಹತ್ತಿರ ಕರೆದು, “ಈ ಮಾತನ್ನು ನಿಮ್ಮ ಊರಿನಲ್ಲಿ ಯಾವಾಗ ಆಡುತ್ತಾರೆ?” ಎಂದು ಕೇಳುತ್ತೇನೆ. ಕೆಂಪು ಶಾಯಿ ಈಗ ಮೊದಲಿನಷ್ಟು ಬೇಗ ಮುಗಿಯುವುದಿಲ್ಲ.